ಮೊದಲು ಡೊಮೇನ್ ಕತ್ತರಿಸಿ, ಆಮೇಲೆ ಇನ್ವರ್ಸ್: ನನ್ನ ಅನುಭವ

ವರ್ಗ ಇರುವ ಫಂಕ್ಷನ್‌ಗೆ ಇನ್ವರ್ಸ್ (ಬಂದ ಉತ್ತರ ಕೊಟ್ಟರೆ ಮೊದಲು ಹಾಕಿದ ಎಕ್ಸ್ ವಾಪಸ್ ಕೊಡುವ ಫಂಕ್ಷನ್) ಕಂಡುಹಿಡಿಯಿರಿ ಅಂತ ಲೆಕ್ಕ ಬಂದರೆ ನಾನು ಎಕ್ಸ್ ಮತ್ತು ವೈ ಅದಲು ಬದಲು ಮಾಡಲು ಹೋಗುವುದೇ ಇಲ್ಲ. ಮೊದಲು ಡೊಮೇನ್, ಅಂದರೆ ಎಕ್ಸ್ ಯಾವ ಯಾವ ಬೆಲೆ ತೆಗೆದುಕೊಳ್ಳಬಹುದು ಅನ್ನುವುದನ್ನು ಬರೆಯುತ್ತೇನೆ. ಸಂಜೆ ನನ್ನ ಹತ್ತಿರ ಪಾಠಕ್ಕೆ ಬರುವ ಸೆಕೆಂಡ್ ಪಿಯು ಮಕ್ಕಳಿಗೂ ಇದೇ ಅಭ್ಯಾಸ ಮಾಡಿಸಿದ್ದೇನೆ, ಯಾಕೆಂದರೆ ಕೊನೆಯಲ್ಲಿ ಪ್ಲಸ್ಸೋ ಮೈನಸ್ಸೋ ಎನ್ನುವ ಗೊಂದಲ ಇಲ್ಲೇ ಬಗೆಹರಿದುಬಿಡುತ್ತದೆ.

ಒಂದು ಲೆಕ್ಕ ಮಾಡಿಯೇ ತೋರಿಸುತ್ತೇನೆ. ವೈ = ಎಕ್ಸ್² − 6ಎಕ್ಸ್ + 11. ಎಕ್ಸ್‌ಗೆ 1 ಹಾಕಿ, 6 ಬರುತ್ತದೆ. 5 ಹಾಕಿ, ಆಗಲೂ 6. ಈಗ ಇನ್ವರ್ಸ್‌ಗೆ 6 ಕೊಟ್ಟರೆ ಅದು ವಾಪಸ್ ಕೊಡಬೇಕಾದ್ದು 1 ಅಥವಾ 5? ಫಂಕ್ಷನ್ ಅಂದಮೇಲೆ ಒಂದೇ ಉತ್ತರ ಕೊಡಬೇಕು, ಅಲ್ವಾ? ಹಾಗಾಗಿ ಎರಡರಲ್ಲಿ ಒಂದನ್ನು ಬಿಡಲೇಬೇಕು.

ಎಲ್ಲಿ ಕತ್ತರಿಸುವುದು ಅಂತ ತಿಳಿಯಲು ವರ್ಗ ಪೂರ್ಣ ಮಾಡಿಕೊಳ್ಳುತ್ತೇನೆ: ವೈ = (ಎಕ್ಸ್ − 3)² + 2. ಗ್ರಾಫ್ 3ರವರೆಗೆ ಇಳಿದು ಅಲ್ಲಿಂದ ಏರುತ್ತದೆ. ನಾನು ಬಲಭಾಗ ಇಟ್ಟುಕೊಳ್ಳುತ್ತೇನೆ, ಮೊದಲ ಸಾಲಿನಲ್ಲೇ ಎಕ್ಸ್ ≥ 3, ವೈ ≥ 2 ಅಂತ ಬರೆಯುತ್ತೇನೆ. ಈಗ 2ನ್ನು ಆ ಕಡೆ ತಂದು ವರ್ಗಮೂಲ ತೆಗೆದರೆ ಎಕ್ಸ್ − 3 = ±√(ವೈ − 2). ಮಕ್ಕಳು ಇಲ್ಲೇ ನಿಲ್ಲುತ್ತಾರೆ, "ಸರ್, ಮೈನಸ್ ಯಾಕೆ ಬಿಟ್ರಿ?" ಅಂತ ಕೇಳುತ್ತಾರೆ. ಮೇಲಿನ ಸಾಲು ನೋಡಿ ಅನ್ನುತ್ತೇನೆ. ಎಕ್ಸ್ 3ಕ್ಕಿಂತ ಕಡಿಮೆ ಇಲ್ಲ ಅಂದಮೇಲೆ ಎಕ್ಸ್ − 3 ಋಣ ಆಗಲು ಸಾಧ್ಯವೇ ಇಲ್ಲ. ಪ್ಲಸ್ ಮಾತ್ರ ಉಳಿಯಿತು: ಎಕ್ಸ್ = 3 + √(ವೈ − 2). 6 ಹಾಕಿದರೆ 5. ಎಡಭಾಗ ಇಟ್ಟುಕೊಂಡಿದ್ದರೆ 3 − √(ವೈ − 2), ಅದಕ್ಕೆ 6 ಹಾಕಿದರೆ 1. ಎರಡೂ ಸರಿ, ಆದರೆ ಯಾವ ಭಾಗದ್ದು ಅಂತ ಹೇಳದೆ ಸುಮ್ನೆ ಒಂದನ್ನು ಬರೆದರೆ ಉತ್ತರ ಅರ್ಧಂಬರ್ಧ.

ತಿರುವಿನಲ್ಲೇ ಕತ್ತರಿಸಬೇಕು ಅಂತ ಕಡ್ಡಾಯವೇನೂ ಇಲ್ಲ. ಪಿಯು ಮಕ್ಕಳಿಗೆ ಪರಿಚಯ ಇರುವ ಲೆಕ್ಕ ನೋಡಿ: 9ಎಕ್ಸ್² + 6ಎಕ್ಸ್ − 5, ಡೊಮೇನ್ 0ಯಿಂದ ಮುಂದಕ್ಕೆ. ಇದು (3ಎಕ್ಸ್ + 1)² − 6, ಅಂದರೆ ತಿರುವು ಇರುವುದು −1/3ರಲ್ಲಿ, ಆದರೆ ಕತ್ತರಿಸಿದ್ದು 0ಯಲ್ಲಿ. ಇನ್ವರ್ಸ್ (√(ವೈ + 6) − 1)/3. ಸೂತ್ರ ಮಾತ್ರ ನೋಡಿದರೆ ವೈ −6ರಿಂದಲೇ ಶುರುವಾಗಬಹುದು ಅನಿಸುತ್ತದೆ. −6 ಹಾಕಿ ನೋಡಿ, −1/3 ಬರುತ್ತದೆ, ಅದು ನಾವು ಬಿಟ್ಟ ಭಾಗದಲ್ಲಿದೆ! ಅದಕ್ಕೇ ಈ ಲೆಕ್ಕದಲ್ಲಿ ವೈ −5ರಿಂದ ಶುರು. ನನಗೆ ಈ ಲೆಕ್ಕ ತುಂಬಾ ಇಷ್ಟ. ಸೂತ್ರವೊಂದೇ ಇನ್ವರ್ಸ್ ಅಲ್ಲ, ಅದರ ಡೊಮೇನ್ ಕೂಡ ಸೇರಿಯೇ ಇನ್ವರ್ಸ್ ಅನ್ನುವುದು ಇಷ್ಟು ಚೆನ್ನಾಗಿ ಬೇರೆಲ್ಲೂ ಕಾಣುವುದಿಲ್ಲ.

ಸೈನ್ ಇನ್ವರ್ಸ್‌ನಲ್ಲೂ ನಡೆಯುವುದು ಇದೇ. ಕ್ಯಾಲ್ಕುಲೇಟರ್‌ಗೆ 0.5 ಕೊಟ್ಟರೆ 30 ಡಿಗ್ರಿ ಅನ್ನುತ್ತದೆ. 150 ಡಿಗ್ರಿಯ ಸೈನ್ ಕೂಡ 0.5 ತಾನೆ? ಆದರೆ ಸೈನ್‌ಗೆ −90ರಿಂದ 90ರವರೆಗಿನ ತುಂಡು ಅಂತ ಎಲ್ಲರೂ ಒಪ್ಪಿಕೊಂಡಿದ್ದಾರೆ. ಕಾಸ್‌ಗೆ ಅದೇ ತುಂಡು ನಡೆಯುವುದಿಲ್ಲ, 60 ಮತ್ತು −60 ಎರಡಕ್ಕೂ ಒಂದೇ ಬೆಲೆ. ಅದಕ್ಕೆ 0ಯಿಂದ 180. ಇದನ್ನು ಉರು ಹೊಡೆಸುವ ಬದಲು ನಾನು ಗ್ರಾಫ್ ಬರೆಸಿ, ಮಕ್ಕಳೇ ತುಂಡು ಆರಿಸುವಂತೆ ಮಾಡುತ್ತೇನೆ. ಆಮೇಲೆ ಸೈನ್ 210ರ ಸೈನ್ ಇನ್ವರ್ಸ್ ಎಷ್ಟು ಅಂತ ಕೇಳುತ್ತೇನೆ. ತುಂಡನ್ನು ತಾವೇ ಆರಿಸಿದವರು 210 ಅನ್ನುವುದಿಲ್ಲ, −30 ಅನ್ನುತ್ತಾರೆ.