ಸಾವಿನ ಶಿಕ್ಷಣ ಫಲ ಕೊಟ್ಟಿತೇ? ಅಳೆಯುವ ಬಗೆ

ಸಾವಿಗೆ ಸಜ್ಜಾಗಿಸುವ ಕಾರ್ಯಾಗಾರ ಮುಗಿದ ದಿನ ಬಹುತೇಕ ಎಲ್ಲರೂ ‘ಚೆನ್ನಾಗಿತ್ತು’ ಎಂದೇ ಬರೆದುಕೊಡುತ್ತಾರೆ. ಅದನ್ನು ಫಲಿತಾಂಶದ ಲೆಕ್ಕಕ್ಕೆ ತರಬೇಡಿ. ಅಳತೆಯ ಕೆಲಸ ಮೊದಲ ತರಗತಿಗೂ ಮುಂಚೆ ಶುರುವಾಗಬೇಕು.

ಏನು ಬದಲಾಗಬೇಕು ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆದಿಡಿ. ಭಯ ಇಳಿಯಬೇಕೇ, ತಿಳಿವಳಿಕೆ ಹೆಚ್ಚಬೇಕೇ, ಇಲ್ಲವೇ ಜನ ಏನಾದರೂ ಮಾಡಿ ಮುಗಿಸಬೇಕೇ? ಒಂದು ಬದಲಾದರೆ ಉಳಿದೆರಡೂ ತಾವಾಗಿಯೇ ಬದಲಾಗುತ್ತವೆ ಎಂದುಕೊಂಡರೆ ಕೆಟ್ಟಿರಿ.

ಭಯವನ್ನೇ ಅಳೆಯುವುದಾದರೆ ಮಾಪಕವನ್ನು, ಅಂದರೆ ಉತ್ತರಗಳಿಗೆ ಅಂಕ ಕೊಡುವ ಪ್ರಶ್ನಾವಳಿಯನ್ನು, ನೋಡಿ ಆರಿಸಿ. 1970ರ ಟೆಂಪ್ಲರ್ ಮಾಪಕದಲ್ಲಿ 15 ಸರಿ-ತಪ್ಪು ಹೇಳಿಕೆಗಳಿವೆ. ಬೇಗ ಮುಗಿಯುತ್ತದೆ, ಆದರೆ ಎಲ್ಲವನ್ನೂ ಒಂದೇ ಅಂಕಕ್ಕೆ ಕಟ್ಟಿಬಿಡುತ್ತದೆ. 1969ರ ಕಾಲೆಟ್–ಲೆಸ್ಟರ್ ಮಾಪಕ ನಾಲ್ಕು ಭಯಗಳನ್ನು ಬಿಡಿಬಿಡಿಯಾಗಿ ನೋಡುತ್ತದೆ: ತನ್ನ ಸಾವು, ತಾನು ಸಾಯುವ ಪ್ರಕ್ರಿಯೆ, ಇತರರ ಸಾವು, ಇತರರು ಸಾಯುವ ಪ್ರಕ್ರಿಯೆ. ನೋವು ನಿವಾರಣೆಯ ಪಾಠದಿಂದ ಎರಡನೆಯದು ಇಳಿದು, ಮೊದಲನೆಯದು ಅಲ್ಲಾಡದೆ ಉಳಿಯಬಹುದು. ಒಟ್ಟು ಅಂಕವನ್ನಷ್ಟೇ ನೋಡಿದರೆ ಈ ಲಾಭ ಕಣ್ಣಿಗೆ ಬೀಳುವುದಿಲ್ಲ.

ಕಲಿಸುವ ರೀತಿಯನ್ನೂ ದಾಖಲಿಸಿ. ಸಂಶೋಧಕರಾದ ಡರ್ಲಾಕ್ ಮತ್ತು ರೀಸೆನ್‌ಬರ್ಗ್ 1991ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಭಾವನೆ ಹಂಚಿಕೊಳ್ಳಲು, ಪಾತ್ರಾಭಿನಯ ಮಾಡಲು ಅವಕಾಶವಿದ್ದ ಕಾರ್ಯಕ್ರಮಗಳಲ್ಲಿ ಆತಂಕ ಸ್ವಲ್ಪ ಇಳಿದಿತ್ತು. ಬರೀ ಉಪನ್ಯಾಸದವುಗಳಲ್ಲಿ ತುಸು ಏರಿತ್ತು. ಏರಿಕೆಯೆಲ್ಲ ಸೋಲೂ ಅಲ್ಲ: ಈವರೆಗೆ ಆ ಯೋಚನೆಯನ್ನೇ ದೂರ ತಳ್ಳಿದ್ದವರಿಗೆ ಮೊದಮೊದಲು ಅಂಕ ಹೆಚ್ಚುವುದು ಸಹಜ. ಅದಕ್ಕೇ ಒಂದೇ ಪ್ರಶ್ನಾವಳಿಯನ್ನು ಮೂರು ಸಲ ಕೊಡಬೇಕು: ಶುರುವಿಗೆ ವಾರ ಮುಂಚೆ, ಮುಗಿದೊಡನೆ, ಮತ್ತೆ 3ರಿಂದ 6 ತಿಂಗಳ ನಂತರ.

ಹೆಸರು ಬರೆಸಿದರೆ ಜನ ಧೈರ್ಯಶಾಲಿಗಳಾಗಿಬಿಡುತ್ತಾರೆ. ತಾಯಿಯ ಹೆಸರಿನ ಮೊದಲಕ್ಷರ, ಫೋನ್ ಸಂಖ್ಯೆಯ ಕೊನೆಯ ಎರಡಂಕಿ ಸೇರಿಸಿ ಒಂದು ಸಂಕೇತ ಬರೆಸಿ. ಮೂರೂ ಹಾಳೆಗಳನ್ನು ಜೋಡಿಸಲು ಅಷ್ಟು ಸಾಕು. 40 ಜನ ನೋಂದಾಯಿಸಿದರೆ ಚೀಟಿ ಎತ್ತಿ, 20 ಜನರನ್ನು ಹೋಲಿಕೆಗೆಂದು ಕೊನೆಯ ಅಳತೆಯವರೆಗೂ ಕಾಯುವ ಪಟ್ಟಿಯಲ್ಲಿಡಿ. ಎರಡೂ ಗುಂಪು ಒಂದೇ ದಿನ ಪ್ರಶ್ನಾವಳಿ ತುಂಬಲಿ. ಇಷ್ಟು ಸಣ್ಣ ಗುಂಪಿನಲ್ಲಿ ದೊಡ್ಡ ವ್ಯತ್ಯಾಸವಷ್ಟೇ ಕಾಣುತ್ತದೆ, ನೆನಪಿರಲಿ. ನಡುವೆ ಆಪ್ತರು ತೀರಿಕೊಂಡರೇ ಎಂದೂ ಕೇಳಿ. ಮಧ್ಯದಲ್ಲಿ ಬಿಟ್ಟುಹೋದವರ ಮೊದಲ ಅಂಕಗಳನ್ನು ಉಳಿದವರದರೊಡನೆ ಹೋಲಿಸಿ. ಹೆಚ್ಚು ಹೆದರಿದವರೇ ಹೋಗಿದ್ದರೆ ನಿಮ್ಮ ಸರಾಸರಿ ಸುಳ್ಳು ಹೇಳುತ್ತಿದೆ.

ನಡವಳಿಕೆಯ ವಿಷಯದಲ್ಲಿ ‘ಮನೆಯವರೊಂದಿಗೆ ಮಾತಾಡುವಿರಾ?’ ಎಂದು ಕೇಳಿ ಪ್ರಯೋಜನವಿಲ್ಲ. ‘ಕಳೆದ 3 ತಿಂಗಳಲ್ಲಿ ಯಾರೊಂದಿಗೆ ಮಾತಾಡಿದಿರಿ? ಯಾವ ಚಿಕಿತ್ಸೆ ಬೇಡ ಎಂದಿರಿ? ನಿಮ್ಮ ಪರವಾಗಿ ತೀರ್ಮಾನಿಸುವವರು ಯಾರು?’ ಎಂದು ಕೇಳಿ.

ಎಲ್ಲಕ್ಕಿಂತ ಕಟ್ಟುನಿಟ್ಟಾದ ಪರೀಕ್ಷೆ ಆ ತೀರ್ಮಾನಿಸುವವರದೇ. ಪ್ರಜ್ಞೆ ಮರಳುವ ಸಾಧ್ಯತೆಯಿಲ್ಲದಾಗ ವೆಂಟಿಲೇಟರ್ ಬೇಕೇ, ನಳಿಗೆಯಲ್ಲಿ ಆಹಾರ ಬೇಕೇ ಎಂಬಂಥ ನಾಲ್ಕೈದು ಸನ್ನಿವೇಶಗಳನ್ನು ಕಾರ್ಯಾಗಾರಕ್ಕೆ ಬಂದವರು, ಅವರ ಪರ ತೀರ್ಮಾನಿಸುವವರು ಇಬ್ಬರಿಗೂ ಬೇರೆಬೇರೆ ಕೋಣೆಯಲ್ಲಿ ಕೊಡಿ. ತೀರ್ಮಾನಿಸುವವರು ‘ತನಗೇನು ಬೇಕು’ ಎಂದಲ್ಲ, ‘ಆ ವ್ಯಕ್ತಿ ಏನು ಬಯಸುತ್ತಾರೆ’ ಎಂದು ಉತ್ತರಿಸಬೇಕು. ಇಂಥ ಅಧ್ಯಯನಗಳ 2006ರ ವಿಮರ್ಶೆಯೊಂದರಲ್ಲಿ ಆಪ್ತರ ಉತ್ತರ ಸರಿಯಾಗಿದ್ದುದು ಶೇ 68ರಷ್ಟು ಮಾತ್ರ. ತಾಳೆಯಾಗದ ಉತ್ತರಗಳನ್ನು ಕಡತದಲ್ಲಿ ಮುಚ್ಚಿಡದೆ, ಒಪ್ಪಿಗೆ ಪಡೆದು, ಇಬ್ಬರನ್ನೂ ಕೂರಿಸಿ ಅವೇ ಪ್ರಶ್ನೆಗಳ ಮೇಲೆ ಮಾತಾಡಿಸಿ.