ಡಯಾಲಿಸಿಸ್ ಘಟಕದಿಂದ ಚರಂಡಿ ಸೇರುವ ಒಳ್ಳೆಯ ನೀರು

ಡಯಾಲಿಸಿಸ್ ಯಂತ್ರದಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 500 ಮಿಲಿಲೀಟರ್ ಡಯಾಲಿಸೇಟ್, ಅಂದರೆ ರಕ್ತದ ಕಸವನ್ನು ಹೀರಿಕೊಳ್ಳುವ ದ್ರಾವಣ, ಹರಿಯುತ್ತದೆ. ನಾಲ್ಕು ಗಂಟೆಯ ಒಂದು ಸರದಿಗೆ 120 ಲೀಟರ್. ವಾರಕ್ಕೆ ಮೂರು ಸರದಿಯಂತೆ ಒಬ್ಬ ರೋಗಿಗೆ ವರ್ಷಕ್ಕೆ ಸುಮಾರು 18,700 ಲೀಟರ್. ಇದು ಜೀವ ಉಳಿಸುವ ನೀರು, ಇಲ್ಲಿ ಜಿಪುಣತನ ಸಲ್ಲದು. ಆದರೆ ಈ ಶುದ್ಧ ನೀರನ್ನು ತಯಾರಿಸುವಾಗ, ನಲ್ಲಿ ನೀರನ್ನು ಸೋಸುವ ಆರ್‌ಒ (ರಿವರ್ಸ್ ಆಸ್ಮೋಸಿಸ್) ಘಟಕ ಹೊರತಳ್ಳುವ ನೀರು ರೋಗಿಯ ಹತ್ತಿರವೂ ಸುಳಿದಿರುವುದಿಲ್ಲ. ಕೆಲಸ ಶುರುವಾಗಬೇಕಾದದ್ದು ಅಲ್ಲಿಂದ.

ಮೊದಲು ಅಳೆಯಿರಿ. ಆರ್‌ಒ ಘಟಕದ ತ್ಯಾಜ್ಯ ಕೊಳವೆಯ ಕೆಳಗೆ 20 ಲೀಟರಿನ ಬಕೆಟ್ ಇಟ್ಟು ಗಡಿಯಾರ ನೋಡಿ. ಬಕೆಟ್ ತುಂಬಲು ಹಿಡಿದ ಸಮಯವನ್ನು ದಿನದ ಕೆಲಸದ ಅವಧಿಗೆ ಲೆಕ್ಕ ಹಾಕಿದರೆ ಬರುವ ಅಂಕಿ, ಯಾವ ಆಡಳಿತಾಧಿಕಾರಿಯನ್ನೂ ಕುರ್ಚಿಯಿಂದ ಎಬ್ಬಿಸುತ್ತದೆ. ಹಳೆಯ ಘಟಕಗಳಲ್ಲಿ ಒಳಬಂದ ನೀರಿನ ಅರ್ಧಕ್ಕಿಂತ ಹೆಚ್ಚು ಹೀಗೆಯೇ ಹರಿದುಹೋಗುವುದುಂಟು.

ಎರಡನೆಯದಾಗಿ, ಆ ನೀರನ್ನು ಹಿಡಿದಿಡಿ. 'ಡಯಾಲಿಸಿಸ್ ನೀರು' ಎಂದೊಡನೆ ಸೋಂಕಿನ ಭಯ ಹುಟ್ಟುತ್ತದೆ. ಆ ಭಯ ಯಂತ್ರದಿಂದ ಹೊರಬರುವ, ರಕ್ತದ ಕಸವಾದ ಯೂರಿಯಾ ಹೊತ್ತ ದ್ರಾವಣಕ್ಕೆ ಸರಿ. ಆರ್‌ಒ ತಳ್ಳಿದ ನೀರಿಗೆ ಅಲ್ಲ. ಅದು ನಲ್ಲಿ ನೀರೇ, ಲವಣಾಂಶ ಮಾತ್ರ ಹೆಚ್ಚು. ಎರಡರ ಕೊಳವೆಗಳೂ ಎಲ್ಲಿಯೂ ಸಂಧಿಸದಂತೆ ನೋಡಿಕೊಂಡು, ಇದನ್ನು ಬೇರೆ ತೊಟ್ಟಿಗೆ ಹರಿಸಿ, 'ಕುಡಿಯಲು ಅಲ್ಲ' ಎಂದು ಬರೆಸಿ. ಆಸ್ಟ್ರೇಲಿಯಾದ ಜಿಲಾಂಗ್‌ನ ಮೂತ್ರಪಿಂಡ ತಜ್ಞ ಜಾನ್ ಅಗರ್ ಮತ್ತು ಅವರ ತಂಡ ಈ ಮರುಬಳಕೆಯನ್ನು ಮಾಡಿ ತೋರಿಸಿ ವರ್ಷಗಳೇ ಕಳೆದಿವೆ. ಶೌಚಾಲಯಕ್ಕೆ, ನೆಲ ಒರೆಸಲು ಇದು ಸಾಕು. ಗಡಸುತನ ತೆಗೆಯುವ ಸಾಫ್ಟನರ್ ಇದ್ದರೆ ಬಟ್ಟೆ ಒಗೆಯಲು ಇನ್ನೂ ಚೆನ್ನ, ಸಾಬೂನು ಬೇಗ ನೊರೆಯಾಗುತ್ತದೆ. ತೋಟಕ್ಕೆ ಬಿಡುವ ಮುನ್ನ ಮಾತ್ರ ಸೋಡಿಯಂ ಪರೀಕ್ಷೆ ಮಾಡಿಸಿ. ಹೆಚ್ಚಿದ್ದರೆ ಮಣ್ಣು ಗಟ್ಟಿಯಾಗಿ ಗಿಡ ಸೊರಗುತ್ತದೆ.

ಮುಂದಿನದು ಡಯಾಲಿಸೇಟ್ ಹರಿವಿನ ವೇಗ. ನಿಮಿಷಕ್ಕೆ 500ರಿಂದ 400 ಮಿಲಿಲೀಟರಿಗೆ ಇಳಿಸಿದರೆ ಸರದಿಗೆ 24 ಲೀಟರ್ ಉಳಿಯುತ್ತದೆ. ಆದರೆ ಇದು ತಂತ್ರಜ್ಞರು ಗುಂಡಿ ಒತ್ತಿ ತೀರ್ಮಾನಿಸುವ ಸಂಗತಿಯಲ್ಲ. ರೋಗಿಯ ಮೈಕಟ್ಟು, ರಕ್ತದ ಹರಿವು ನೋಡಿ ವೈದ್ಯರೇ ಸೂಚಿಸಬೇಕು, ಯೂರಿಯಾ ಸಾಕಷ್ಟು ಇಳಿಯುತ್ತಿದೆಯೇ ಎಂದು ರಕ್ತಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ಯಾವ ಅನುಮತಿಯೂ ಬೇಡದ ಉಳಿತಾಯ ಬೇರೊಂದಿದೆ: ರೋಗಿ ಬರುವ ಅರ್ಧ ಗಂಟೆ ಮೊದಲೇ ಸಿದ್ಧವಾಗಿ ಪೂರ್ಣ ವೇಗದಲ್ಲಿ ಓಡುವ ಯಂತ್ರ 15 ಲೀಟರ್ ದ್ರಾವಣವನ್ನು ಸುಮ್ಮನೆ ಚೆಲ್ಲುತ್ತದೆ. ಸ್ಟ್ಯಾಂಡ್‌ಬೈ ಸೌಲಭ್ಯವಿದ್ದರೆ ಬಳಸಿ.

ಕಸದ ವಿಷಯಕ್ಕೆ ಬಂದರೆ, ದಾದಿಯರು ಸರದಿಯ ಆರಂಭದಲ್ಲಿ ಹರಿದು ಹಾಕುವ ಹೊದಿಕೆಗಳನ್ನು ಗಮನಿಸಿ. ರಕ್ತ ತಾಗದ ಕಾಗದ, ರಟ್ಟು, ಪ್ಲಾಸ್ಟಿಕ್ ಎಲ್ಲವೂ ಸೋಂಕಿನ ತ್ಯಾಜ್ಯದ ಚೀಲಕ್ಕೆ ಬೀಳುವುದು, ಕೈಗೆ ಸಿಗುವಂತೆ ಇರುವುದು ಅದೊಂದೇ ಚೀಲ ಎಂಬ ಕಾರಣಕ್ಕೆ. ಹಾಸಿಗೆಯ ಪಕ್ಕದಲ್ಲೇ ಇನ್ನೊಂದು ಬುಟ್ಟಿ ಇಡಿ. ಚಿಕಿತ್ಸೆ ಮುಗಿದ ಮೇಲೆ ಡಯಾಲೈಸರ್ (ರಕ್ತ ಸೋಸುವ ಭಾಗ) ಮತ್ತು ನಳಿಕೆಗಳಲ್ಲಿ ಉಳಿದ ದ್ರವವನ್ನು ಯಂತ್ರದ ಮೂಲಕವೇ ಖಾಲಿ ಮಾಡುವ ಸೌಲಭ್ಯವಿದ್ದರೆ ಅದನ್ನೂ ಬಳಸಿ; ಸೋಂಕಿನ ತ್ಯಾಜ್ಯದ ತೂಕ ಇಳಿಯುತ್ತದೆ.

ಕೊನೆಗೆ ವಿದ್ಯುತ್ತು. ದೇಹದ ಶಾಖದಷ್ಟೇ ಬೆಚ್ಚಗಿರುವ ಬಳಸಿದ ದ್ರಾವಣ ಚರಂಡಿಗೆ ಹೋಗುತ್ತಿರುವಾಗಲೇ, ಒಳಬರುವ ತಣ್ಣೀರನ್ನು ಕಾಯಿಸಲು ಯಂತ್ರ ವಿದ್ಯುತ್ ಉರಿಸುತ್ತಿರುತ್ತದೆ. ಎರಡೂ ಬೆರೆಯದಂತೆ, ಹೊರಹೋಗುವುದರ ಬಿಸಿಯನ್ನು ಒಳಬರುವುದಕ್ಕೆ ದಾಟಿಸುವ ಶಾಖ ವಿನಿಮಯಕ ಅನೇಕ ಯಂತ್ರಗಳಲ್ಲಿ ಸಿಗುತ್ತದೆ. ಹೊಸ ಯಂತ್ರ ಕೊಳ್ಳುವಾಗ ಟೆಂಡರಿನಲ್ಲೇ ಅದನ್ನು ಸೇರಿಸಿ.