ಗುಂಡನ ಕಾಲಡಿಯ ನೆಲ

ಗುಂಡ ನಮ್ಮ ಮನೆಗೆ ಬಂದಾಗ ಒಂದು ಗೇಣೂ ಉದ್ದವಿರಲಿಲ್ಲ. ಅವನೊಬ್ಬ ಬಿಯರ್ಡೆಡ್ ಡ್ರ್ಯಾಗನ್, ಎಂದರೆ ನಮ್ಮೂರ ಬೇಲಿಯ ಮೇಲೆ ಕತ್ತು ಕುಣಿಸುವ ಓತಿಕ್ಯಾತನ ಕುಟುಂಬದ್ದೇ ಪ್ರಾಣಿ. ತವರು ಮಧ್ಯ ಆಸ್ಟ್ರೇಲಿಯಾದ ಒಣಸೀಮೆ. ಸಿಡ್ನಿಯಲ್ಲಿರುವ ನಾವು ಪರವಾನಗಿ ಪಡೆದು, ಸಾಕಣೆಯಲ್ಲಿ ಹುಟ್ಟಿದ ಮರಿಯನ್ನು ತಂದೆವು.

ಮರುಭೂಮಿಯ ಜೀವಿಗೆ ಮರಳೇ ಹಾಸಿಗೆ ಎಂದು ನಂಬಿ, ‘ತಿಂದರೂ ಜೀರ್ಣವಾಗುತ್ತದೆ’ ಎಂದು ಬರೆದಿದ್ದ ಕ್ಯಾಲ್ಸಿಯಂ ಮರಳನ್ನು ಗಾಜಿನ ಪೆಟ್ಟಿಗೆಯ ತುಂಬ ಹರವಿದೆ. ಗುಂಡ ಹುಳುವಿನ ಮೇಲೆ ಎರಗಿದಾಗಲೆಲ್ಲ ನಾಲಿಗೆಗೆ ಮರಳೂ ಅಂಟುತ್ತಿತ್ತು. ಮೂರನೆಯ ವಾರ ಊಟ ಬಿಟ್ಟ. ಮಲ ನಿಂತಿತು. ಹಿಂಗಾಲು ಎಳೆಯುತ್ತ ನಡೆಯುವುದನ್ನು ಕಂಡು ಮಗಳು ಅಳತೊಡಗಿದಳು. ಪಶುವೈದ್ಯರು ತೆಗೆದ ಎಕ್ಸ್-ರೇಯಲ್ಲಿ ಕರುಳಿನೊಳಗೆ ಮರಳಿನ ಗಟ್ಟಿ ಬೆಳ್ಳಗೆ ಕಾಣುತ್ತಿತ್ತು.

ವೈದ್ಯರು ಮೊದಲು ಕೇಳಿದ್ದು ಬಿಸಿಯ ಬಗ್ಗೆ. ಗಾಜಿಗೆ ಅಂಟಿಸಿದ್ದ ಮಾಪಕ 38 ಡಿಗ್ರಿ ತೋರಿಸುತ್ತಿತ್ತು. ಅವನು ಮೈ ಕಾಯಿಸುವ ಕಲ್ಲಿಗೇ ಇನ್‌ಫ್ರಾರೆಡ್ ಮಾಪಕ ಹಿಡಿದರೆ 33 ಮಾತ್ರ. ಅಷ್ಟು ಕಡಿಮೆ ಬಿಸಿಯಲ್ಲಿ ತಿಂದದ್ದು ಸರಿಯಾಗಿ ಅರಗುವುದಿಲ್ಲ, ನೀರು ಸಾಲದಿದ್ದರೆ ಕರುಳು ಇನ್ನೂ ಬಿಗಿಯುತ್ತದೆ. ನೆಲವನ್ನಷ್ಟೇ ಬದಲಿಸಿದರೆ ಸಾಲದು ಎಂಬುದು ನನಗೆ ಅಂದು ಅರ್ಥವಾಯಿತು. ದೀಪವನ್ನು ಕೆಳಗಿಳಿಸಿ ಕಲ್ಲಿನ ಬಿಸಿಯನ್ನು 40ರಿಂದ 42ರ ನಡುವೆ ನಿಲ್ಲಿಸಿದೆವು. ವೈದ್ಯರು ಕೊಟ್ಟ ಚಿಕಿತ್ಸೆಯ ಜೊತೆಗೆ ದಿನವೂ ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸಿದೆವು. ಐದನೆಯ ದಿನ ಹೊಟ್ಟೆ ತೆರವಾಯಿತು.

ಆಮೇಲೆ ಹಲವು ತಿಂಗಳು ಕಾಗದದ ಟವೆಲ್ ಹಾಸಿದೆ. ಮರಿಗೆ ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ: ಮಲದ ಬಣ್ಣ, ಗಟ್ಟಿತನ ಒಂದೇ ನೋಟಕ್ಕೆ ತಿಳಿಯುತ್ತದೆ, ಕೊಳೆಯಾದರೆ ಎಸೆದು ಹೊಸದು ಹಾಸಿದರಾಯಿತು. ಬಟ್ಟೆಯ ಹಾಸನ್ನು ಎರಡೇ ದಿನದಲ್ಲಿ ತೆಗೆದೆ. ಅದರ ಎಳೆಗೆ ಉಗುರು ಸಿಕ್ಕಿಕೊಂಡಿತ್ತು. ನಂತರ ಒರಟು ಮೈಯ ಸ್ಲೇಟ್ ಟೈಲ್ಸ್ ಕೂರಿಸಿದೆ. ಹೊಳಪಿನ ಟೈಲ್ಸ್ ಮೇಲೆ ಕಾಲು ಜಾರುತ್ತದೆ, ಬೇಡ. ಒರಟು ಟೈಲ್ಸ್ ಉಗುರನ್ನೂ ಸವೆಸುತ್ತದೆ, ದೀಪದ ಬಿಸಿಯನ್ನೂ ಹಿಡಿದಿಡುತ್ತದೆ.

ಆದರೆ ಗುಂಡ ಟೈಲ್ಸ್ ಮೇಲೂ ಕೆರೆಯುತ್ತಿದ್ದ, ಮೂಲೆಯಲ್ಲಿ ಗಂಟೆಗಟ್ಟಲೆ. ಅವನ ತವರು ನೆಲ ಬರೀ ಸಡಿಲ ಮರಳಲ್ಲ. ಜೇಡಿ ಬೆರೆತು ಬಿಸಿಲಿಗೆ ಗಟ್ಟಿಯಾದ ಮಣ್ಣು ಅಲ್ಲಿ ಬೇಕಾದಷ್ಟಿದೆ. ಅಜ್ಜ ಸುಗ್ಗಿಗೆ ಮುನ್ನ ಕಣ ಮಾಡುತ್ತಿದ್ದುದು ನೆನಪಾಯಿತು: ನೀರು ಚಿಮುಕಿಸಿ, ದಮ್ಮಸು ಹಾಕಿ, ಒಣಗಲು ಬಿಡುವುದು. ಗುಂಡನಿಗೆ ಒಂದೂವರೆ ವರ್ಷ ತುಂಬಿ, ಆರೋಗ್ಯ ನೆಟ್ಟಗಿದೆ ಎಂದು ವೈದ್ಯರು ಹೇಳಿದ ಮೇಲೆ ಅದನ್ನೇ ಮಾಡಿದೆ. ಗೊಬ್ಬರ, ಪರ್ಲೈಟ್ (ಕುಂಡದ ಮಣ್ಣಿಗೆ ಬೆರೆಸುವ ಹಗುರ ಬಿಳಿ ಹರಳು) ಯಾವುದೂ ಸೇರದ ಮಣ್ಣು ಎರಡು ಪಾಲು, ತೊಳೆದ ಸಣ್ಣ ಮರಳು ಒಂದು ಪಾಲು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟು ನೀರು. ಪದರ ಪದರವಾಗಿ ಇಟ್ಟಿಗೆಯಿಂದ ಬಡಿದು ಹತ್ತು ಸೆಂಟಿಮೀಟರ್ ಏರಿಸಿದೆ. ಪೂರ್ತಿ ಒಣಗಲು ಒಂದು ವಾರ ಬೇಕಾಯಿತು. ತೇವವಿರುವಾಗ ಅವನನ್ನು ಒಳಗೆ ಬಿಡಲಿಲ್ಲ.

ಹುಳು, ಸೊಪ್ಪು ಎಲ್ಲವನ್ನೂ ಈಗ ಬಟ್ಟಲಿನಲ್ಲೇ ಕೊಡುತ್ತೇನೆ. ಮಲವನ್ನು ಸುತ್ತಲಿನ ಮಣ್ಣಿನ ಸಮೇತ ಅಂದೇ ತೆಗೆಯುತ್ತೇನೆ. ಇಂಥ ಪ್ರಾಣಿಗಳಿಂದ ಮನುಷ್ಯರಿಗೆ ಹರಡಬಲ್ಲ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯವಿರುವುದರಿಂದ ಮಗಳೂ ನಾನೂ ಸೋಪು ಹಾಕಿ ಕೈ ತೊಳೆಯದೆ ಅಡುಗೆಮನೆಗೆ ಕಾಲಿಡುವುದಿಲ್ಲ.

ಮಣ್ಣಿಗಿಳಿದ ಎರಡನೆಯ ದಿನವೇ ಗುಂಡ ತಂಪಿನ ಮೂಲೆಯಲ್ಲಿ ಓರೆಯಾಗಿ ಒಂದು ಬಿಲ ತೋಡಿದ. ಅದರ ಗೋಡೆ ಇಂದಿಗೂ ಕುಸಿದಿಲ್ಲ. ಸಂಜೆ ದೀಪ ಆರುವ ಹೊತ್ತಿಗೆ ಬಾಲವೊಂದನ್ನು ಹೊರಗೆ ಬಿಟ್ಟು ಒಳಗೆ ಸೇರಿಕೊಳ್ಳುತ್ತಾನೆ.